ಬಯಲುಗಾಳಿಯ ಅಂಗಳಕ್ಕೆ ಬಾಡದ ಬಳ್ಳಿ

ಊರಿನ ಹೆಸರಿನಲ್ಲಿಯೇ ಹೂವಿದೆ. ಆದರೆ ಅಂಗಳದಲ್ಲಿ ಬಳ್ಳಿಯನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ವಿಜಯಪುರ ಜಿಲ್ಲೆಯ ಹೂವಿನ ಹಿಪ್ಪರಗಿಯಂಥ ಊರಿನಲ್ಲಿ ಮನೆ ಕಟ್ಟಿಸಿ, ವರ್ಷವಿಡೀ ಹಸುರಾಗಿರುವ ಬಳ್ಳಿಯೊಂದನ್ನು ಗೋಡೆಗೆ ಹಬ್ಬಿಸಬೇಕೆಂದು ಹಂಬಲಿಸುವವರ ಅನುಭವ ಹೆಚ್ಚುಕಡಿಮೆ ಒಂದೇ ಬಗೆಯದು. ಮಳೆಗಾಲದಲ್ಲಿ ಸಸಿ ತಂದು ನೆಡುತ್ತಾರೆ. ದೀಪಾವಳಿಯ ಹೊತ್ತಿಗೆ ಅದು ಮೊಳದುದ್ದ ಚಿಗುರುತ್ತದೆ. ಸಂಕ್ರಾಂತಿಗೆ ಎಲೆಯ ಅಂಚು ಕಂದುತ್ತದೆ. ಯುಗಾದಿಗೆ ಕಡ್ಡಿ ಮಾತ್ರ ಉಳಿಯುತ್ತದೆ. ಚಳಿಗೆ ಸುಟ್ಟಿತೆನ್ನುವವರು ಕೆಲವರು, ನೆಟ್ಟವರ ಕೈಗುಣವೆನ್ನುವವರು ಹಲವರು.

ಚಳಿಯಿಲ್ಲವೆಂದಲ್ಲ. ಮರಗಳು ವಿರಳವಾದ ಈ ಎರೆಭೂಮಿಯಲ್ಲಿ ಡಿಸೆಂಬರ್-ಜನವರಿ ತಿಂಗಳುಗಳ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿಯ ಸಮೀಪಕ್ಕೆ ಇಳಿಯುವುದುಂಟು. ಆದರೆ ಅಷ್ಟು ಚಳಿಗೆ ಜಾಜಿಯಾಗಲಿ ಕಾಗದದ ಹೂವಿನ ಬಳ್ಳಿಯಾಗಲಿ ಸಾಯುವುದಿಲ್ಲ; ಬೆಳವಣಿಗೆ ನಿಲ್ಲುತ್ತದೆ, ಅಷ್ಟೇ. ಪ್ರಾಣ ತೆಗೆಯುವುದು ಒಣಗಾಳಿ. ಎಲೆ ಉದುರಿಸುವ ಗಿಡಕ್ಕೆ ಕಷ್ಟಕಾಲದಲ್ಲಿ ನೀರಿನ ಖರ್ಚು ಕಡಿಮೆ. ನಿತ್ಯಹಸುರಿನ ಬಳ್ಳಿಗಾದರೋ ಆ ಅನುಕೂಲವಿಲ್ಲ. ಅದರ ಎಲೆ ದಿನವೂ ನೀರನ್ನು ಗಾಳಿಗೆ ಬಿಡುತ್ತಲೇ ಇರುತ್ತದೆ. ಬೇರು ಅಷ್ಟನ್ನು ಹೀರಿ ಕೊಡದಿದ್ದರೆ ಎಲೆ ನಿಂತಲ್ಲಿಯೇ ಒಣಗುತ್ತದೆ. ಹಿಮ ಬೀಳುವ ದೇಶಗಳಲ್ಲಿಯೂ ನಡೆಯುವುದು ಇದೇ. ಅಲ್ಲಿ ಮಣ್ಣು ಹೆಪ್ಪುಗಟ್ಟಿ ಬೇರಿಗೆ ನೀರು ಸಿಕ್ಕುವುದಿಲ್ಲ. ಇಲ್ಲಿ ಮಣ್ಣು ಒಣಗಿ ಬಿರುಕುಬಿಟ್ಟು ಎಳೆಯ ಬೇರನ್ನೇ ಹರಿದುಹಾಕುತ್ತದೆ. ಸಾವಿರಾರು ಮೈಲಿ ದೂರದ ತೋಟಗಾರನ ದುಃಖವೂ ಹಿಪ್ಪರಗಿಯ ಗೃಹಿಣಿಯ ದುಃಖವೂ ಮೂಲದಲ್ಲಿ ಒಂದೇ ಎಂದರೆ ಸೋಜಿಗವಲ್ಲವೆ?

ಆದುದರಿಂದ ಮೊದಲು ಮಾಡಬೇಕಾದುದು ಗಾಳಿಯ ಏರ್ಪಾಡು. ಇದಕ್ಕಾಗಿ ಎತ್ತರದ ಕಲ್ಲುಗೋಡೆ ಕಟ್ಟಿಸುವವರಿದ್ದಾರೆ. ಹಣವೂ ವ್ಯರ್ಥ, ಗಿಡಕ್ಕೂ ಹಾನಿ. ಗಟ್ಟಿಗೋಡೆಯನ್ನು ಹಾರಿದ ಗಾಳಿ ಆಚೆಗೆ ಸುಳಿಯಾಗಿ ಇಳಿದು ಬಳ್ಳಿಯನ್ನು ಹೊಡೆಯುತ್ತದೆ. ಅರ್ಧ ಗಾಳಿಯನ್ನು ಸೋಸಿ ಬಿಡುವ ಬೇಲಿಯೇ ಮೇಲು. ಅಂಥ ತಡೆಯು ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯ ವೇಗವನ್ನು ತಗ್ಗಿಸಬಲ್ಲದು. ತೊಗರಿ ಬೆಳೆಯುವ ಈ ಸೀಮೆಯಲ್ಲಿ ತೊಗರಿ ಕಟ್ಟಿಗೆಯ ತಟ್ಟಿಗೆ ಬರವೆಲ್ಲಿ? ಸಾಲಾಗಿ ನಿಲ್ಲಿಸಿ ಎರಡು ಕಡೆ ಅಡ್ಡಗಳ ಕಟ್ಟಿದರೆ ಒಂದೆರಡು ವರ್ಷಕ್ಕೆ ಚಿಂತೆಯಿಲ್ಲ. ಅಷ್ಟರಲ್ಲಿ ಅದರ ಬದಿಗೆ ನೆಟ್ಟ ನುಗ್ಗೆಯೋ ಚೊಗಚೆಯೋ ಮೇಲೆದ್ದಿರುತ್ತದೆ. ಎಲೆತೋಟದ ರೈತರು ಈ ಮರ್ಮವನ್ನು ಹಿಂದಿನಿಂದಲೂ ಬಲ್ಲರು. ವೀಳ್ಯದೆಲೆಯೂ ನಿತ್ಯಹಸುರಿನ ಬಳ್ಳಿಯೇ, ಅದರಲ್ಲಿಯೂ ಬಹಳ ನಾಜೂಕಿನದು. ಸವಣೂರಿನಂಥ ಬಯಲು ನಾಡಿನಲ್ಲಿಯೂ ಅದು ಹೆಸರುವಾಸಿಯಾಗಿ ಬೆಳೆದಿರುವುದು ಮರಗಳ ಮರೆಯನ್ನು ನಂಬಿ.

ಎರಡನೆಯದು ಮಣ್ಣು. ಎರೆಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಸೀಳುತ್ತದೆ. ಎರಡು ಅಡಿ ಉದ್ದಗಲ ಆಳದ ಗುಣಿ ತೋಡಿ, ತೆಗೆದ ಮಣ್ಣಿಗೆ ಕೆಂಪುಮಣ್ಣನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿ ತುಂಬಬೇಕು. ಬರಿಯ ಮರಳು ತುಂಬಿದರೆ ಸೆಪ್ಟೆಂಬರ್ ಮಳೆಗೆ ಗುಣಿ ಬಾನಿಯಾಗಿ ನೀರು ನಿಂತು ಬೇರು ಕೊಳೆಯುತ್ತದೆ. ಪಾತಿಯನ್ನು ನೆಲಕ್ಕಿಂತ ಗೇಣೆತ್ತರ ಏರಿಸಿದರೆ ಆ ಭಯವಿಲ್ಲ. ಗುಣಿಯು ಗೋಡೆಯಿಂದ ಕನಿಷ್ಠ ಎರಡು ಅಡಿ ದೂರವಿರಲಿ. ಎರೆಭೂಮಿಯಲ್ಲಿ ಅಡಿಪಾಯಕ್ಕೆ ದಿನವೂ ನೀರಿಳಿದರೆ ಬಳ್ಳಿ ಹಬ್ಬುವ ಮೊದಲೇ ಗೋಡೆಯಲ್ಲಿ ಬಿರುಕು ಹಬ್ಬೀತು!

ಇನ್ನು ನೀರು. ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿ, ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ದಿನಗಳಲ್ಲಿ ಹೂಬಳ್ಳಿಗೆ ನೀರೆರೆಯಲು ಯಾವ ತಾಯಿಗೆ ಮನಸ್ಸು ಬಂದೀತು? ಬಳ್ಳಿಯ ಅಳಿವು ಉಳಿವು ನಿರ್ಧಾರವಾಗುವುದು ಇಲ್ಲಿಯೇ. ಬೇರಿನ ಬಳಿ ಸುಟ್ಟ ಮಣ್ಣಿನ ಮಡಕೆಯೊಂದನ್ನು ಕತ್ತಿನವರೆಗೆ ಹೂತು, ನೀರು ತುಂಬಿ ಮುಚ್ಚಳವಿಟ್ಟರೆ ಸಾಕು. ಮಡಕೆಯ ಮೈಯಿಂದ ಒಸರುವ ತೇವವನ್ನು ಬೇರು ತಾನಾಗಿ ಹುಡುಕಿಕೊಂಡು ಬರುತ್ತದೆ. ಮೇಲೆ ಸುರಿದ ನೀರಿನಂತೆ ಬಿಸಿಲಿಗೆ ಆರಿಹೋಗುವುದಿಲ್ಲ. ಪಾತಿಗೆ ಜೋಳದ ಕಣಿಕೆಯ ಚೂರನ್ನು ದಪ್ಪವಾಗಿ ಹರಡಿದರೆ ಬಿರುಕೂ ಕಡಿಮೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಧಾರಾಳವಾಗಿ ಸಲ್ಲುತ್ತವೆ. ಸೋಡಾ ಹಾಕಿ ಬಟ್ಟೆ ಒಗೆದ ನೀರು ಮಾತ್ರ ಬೇಡ. ಮೊದಲೇ ಸುಣ್ಣದ ಅಂಶವಿರುವ ಎರೆಮಣ್ಣು ಅದರಿಂದ ಇನ್ನಷ್ಟು ಕೆಡುತ್ತದೆ.

ನೆಡುವ ಕಾಲದ ವಿಷಯದಲ್ಲಿ ಈ ಸೀಮೆಯ ಬಿಳಿಜೋಳವೇ ಗುರು. ಜೂನ್-ಜುಲೈಯಲ್ಲಿ ಮೋಡಕ್ಕಿಂತ ಗಾಳಿಯೇ ಹೆಚ್ಚು. ಹಿಂಗಾರಿ ಬಿತ್ತನೆಯ ಹೊತ್ತಿಗೆ, ಎಂದರೆ ಸೆಪ್ಟೆಂಬರ್ ಕೊನೆಯಲ್ಲಿ, ಪಡುವಣ ಗಾಳಿ ತಗ್ಗಿರುತ್ತದೆ, ನೆಲದಾಳದಲ್ಲಿ ತೇವವಿರುತ್ತದೆ. ಆಗ ನೆಟ್ಟ ಸಸಿಗೆ ಬೇಸಗೆಯ ಮೊದಲು ಬೇರೂರಲು ಐದು ತಿಂಗಳು ದೊರೆಯುತ್ತವೆ.

ಯಾವ ಬಳ್ಳಿಯನ್ನು ಆರಿಸಬೇಕು? ಗಟ್ಟಿತನದಲ್ಲಿ ಕಾಗದದ ಹೂವಿಗೆ ಸಾಟಿಯಿಲ್ಲ. ದಕ್ಷಿಣ ಅಮೆರಿಕದ ಈ ಬಳ್ಳಿಯನ್ನು 1767ರಲ್ಲಿ ರಿಯೋ ಡಿ ಜನೈರೋದಲ್ಲಿ ಫಿಲಿಬರ್ಟ್ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞ ಸಂಗ್ರಹಿಸಿದನು. ಫ್ರೆಂಚ್ ನಾವಿಕ ಬೂಗನ್‌ವಿಲ್ಲನ ಹೆಸರು ಅದಕ್ಕೆ ಬಂದಿತು. ಬಣ್ಣದ ಕಾಗದದಂತೆ ಕಾಣುವುದು ಹೂವಲ್ಲ, ಎಲೆಯ ರೂಪಾಂತರ. ಒಳಗಿರುವ ಸಣ್ಣ ಬಿಳಿಯ ಮೊಗ್ಗುಗಳೇ ನಿಜವಾದ ಹೂ. ಒಮ್ಮೆ ಬೇರೂರಿದ ಮೇಲೆ ನೀರು ಕಡಿಮೆಯಾದಷ್ಟೂ ಹೆಚ್ಚು ಹೂಬಿಡುವ ಉಪಕಾರಿ. ದೇವರಿಗೂ ಮುಡಿಗೂ ಹೂ ಬೇಕೆನ್ನುವವರು ತಟ್ಟಿಯ ಮರೆಯಲ್ಲಿ ಜಾಜಿಯನ್ನು ಹಬ್ಬಿಸಲಿ. ಸಂಜೆ ಬಿಳಿಯಾಗಿ ಅರಳಿ, ಗುಲಾಬಿಗೆ ತಿರುಗಿ, ಕಡೆಗೆ ಕೆಂಪಾಗುವ ರಂಗೂನ್ ಮಲ್ಲಿಗೆ ಮಕ್ಕಳಿಗೆ ಅಚ್ಚುಮೆಚ್ಚು. ಆದರೆ ಅದಕ್ಕೆ ನೀರಿನ ಆಸೆ ಹೆಚ್ಚು. ತಾಳ್ಮೆಯುಳ್ಳವರಿಗೆ ನಮ್ಮ ದೇಶದ್ದೇ ಆದ ಮಾಧವೀಲತೆಯಿದೆ. ಹೊಳೆಯುವ ಎಲೆ, ಸುವಾಸನೆಯ ಹೂ, ಮೂರು ರೆಕ್ಕೆಯ ಕಾಯಿ. ಮೊದಲ ಎರಡು ವರ್ಷ ಮರೆ ಕೊಟ್ಟರೆ ಮುಂದೆ ಅದರ ಕಾಂಡ ಮರದಷ್ಟೇ ಬಲಿಯುತ್ತದೆ.

ಹಿಮದ ನಾಡಿನವರಿಗೆ ನಿತ್ಯಹಸುರು ಬೇಕಾಗುವುದು ಚಳಿಗಾಲದಲ್ಲಿ. ಇಲ್ಲಿ ಅದರ ಬೆಲೆ ತಿಳಿಯುವುದು ಮೇ ತಿಂಗಳ ಮಧ್ಯಾಹ್ನ, ಪಡುವಣ ಗೋಡೆ ಒಲೆಯಂತೆ ಕಾಯ್ದು ಒಳಗಿನ ಕೂಸು ನಿದ್ದೆಯಿಲ್ಲದೆ ಅಳುವಾಗ. ಆದುದರಿಂದ ಬಾಗಿಲ ಕಮಾನಿಗಿಂತ ಆ ಗೋಡೆಯೇ ಬಳ್ಳಿಗೆ ತಕ್ಕ ಜಾಗ. ಗೋಡೆಗೂ ತಂತಿಯ ಚಪ್ಪರಕ್ಕೂ ನಡುವೆ ಗೇಣಷ್ಟು ತೆರಪು ಬಿಟ್ಟರೆ ಗಾಳಿಯಾಡುತ್ತದೆ. ಕಾಗದದ ಹೂವನ್ನೇ ಹಬ್ಬಿಸುವುದಾದರೆ, ಮುಳ್ಳಿದೆ ಎಂಬುದನ್ನು ಮರೆಯದೆ ಕಿಟಕಿಯ ಸುತ್ತಲಿನ ಕೊಂಬೆಗಳನ್ನು ಆಗಾಗ ಸವರುತ್ತಿರಬೇಕು.