ಏರಿಯಲ್ ಎಳೆದರೆ ಆನ್: ಯುದ್ಧಕಾಲದ ರೇಡಿಯೊಗಳ ಕರೆಂಟಿನ ಕಥೆ

ಎರಡನೇ ಮಹಾಯುದ್ಧದ ಫೀಲ್ಡ್ ರೇಡಿಯೊಗಳ ಬಗ್ಗೆ ಹರಡಿರುವ ತಪ್ಪು ತಿಳಿವಳಿಕೆಯಲ್ಲಿ ಹೆಚ್ಚಿನದು ರೇಡಿಯೊಗೆ ಸಂಬಂಧಿಸಿದ್ದಲ್ಲ, ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಸಂಬಂಧಿಸಿದ್ದು.

ತಪ್ಪು ಕಲ್ಪನೆ: ವಾಲ್ವ್ ಸೆಟ್ ಕಾಯಲು ಅರ್ಧ ನಿಮಿಷವಾದರೂ ಬೇಕು.
ವಾಸ್ತವ: ಅದು ಮನೆಯ ರೇಡಿಯೊದ ಮಾತು. ಅಲ್ಲಿ ಹೀಟರ್ ಬಿಸಿಯಾಗಿ, ಆಮೇಲೆ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್ ಬಿಸಿಯಾಗಬೇಕು. ಅಮೆರಿಕದ ಬಿಸಿ-611 ಕೈಸೆಟ್ಟಿನ ಐದು ಪುಟ್ಟ ವಾಲ್ವ್‌ಗಳಲ್ಲಿ ಫಿಲಮೆಂಟೇ ಕ್ಯಾಥೋಡ್. ಒಂದೆರಡು ಸೆಕೆಂಡಿನಲ್ಲಿ ಸಿದ್ಧ. ಆನ್ ಮಾಡಲು ಬೇರೆ ಗುಂಡಿ ಇಲ್ಲ, ಏರಿಯಲ್ ಹೊರಗೆಳೆಯಬೇಕು. ಏರಿಯಲ್ ಒಳಗಿಟ್ಟೇ ಆರ್ಡರ್ ಕೊಡುವ ಸಿನಿಮಾ ನಾಯಕ ಮಾತನಾಡುತ್ತಿರುವುದು ಬಂದ್ ಆದ ಸೆಟ್ಟಿಗೆ!

ತಪ್ಪು ಕಲ್ಪನೆ: ಸಣ್ಣ ಸೆಟ್ಟಿಗೆ ಸಣ್ಣ ವೋಲ್ಟೇಜ್ ಸಾಕು.
ವಾಸ್ತವ: ಅದೇ ಕೈಸೆಟ್ಟಿನೊಳಗೆ ಎರಡು ಬ್ಯಾಟರಿ. ಫಿಲಮೆಂಟ್ ಕಾಯಿಸಲು 1.5 ವೋಲ್ಟ್, ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಪ್ಲೇಟಿಗೆ 103.5 ವೋಲ್ಟ್. ಅಂದರೆ ಎರಡನೆಯದರಲ್ಲಿ 69 ಪುಟ್ಟ ಸೆಲ್‌ಗಳು ಸಾಲಾಗಿ ಜೋಡಿಸಿಕೊಂಡಿವೆ. ಇಷ್ಟಾದರೂ ಏರಿಯಲ್ಲಿಗೆ ತಲುಪುವುದು ಅರ್ಧ ವಾಟ್‌ಗಿಂತ ಕಡಿಮೆ, ಮಾತು ಕೇಳುವುದು ನೆಲದ ಮೇಲೆ ಸುಮಾರು ಒಂದು ಮೈಲಿ. ಬೆನ್ನಿಗೆ ಹೊರುವ ಬಿಸಿ-1000ಕ್ಕೆ 18 ವಾಲ್ವ್, ಅದು 4.5, 90, 150 ಎಂದು ಮೂರು ವೋಲ್ಟೇಜ್ ಬೇಡುತ್ತಿತ್ತು. ಸೈನಿಕ ಹೊತ್ತ ಭಾರದಲ್ಲಿ ದೊಡ್ಡ ಪಾಲು ಬ್ಯಾಟರಿಯದೇ.

ತಪ್ಪು ಕಲ್ಪನೆ: ವಾಹನದ ಸೆಟ್ಟುಗಳಲ್ಲಿ 12 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಏರಿಸುತ್ತಿತ್ತು.
ವಾಸ್ತವ: ಬ್ಯಾಟರಿಯದು ಡಿಸಿ, ಟ್ರಾನ್ಸ್‌ಫಾರ್ಮರ್ ಒಪ್ಪುವುದು ಏರಿಳಿಯುವ ಕರೆಂಟನ್ನು ಮಾತ್ರ. ಈ ತೊಡಕಿಗೆ ಎರಡು ಪರಿಹಾರಗಳಿದ್ದವು, ಎರಡರಲ್ಲೂ ನನಗೆ ರೇಡಿಯೊಗಿಂತ ಹೆಚ್ಚು ಆಸಕ್ತಿ. ಒಂದು, ವೈಬ್ರೇಟರ್. ಡಬ್ಬಿಯೊಳಗಿನ ಉಕ್ಕಿನ ನಾಲಗೆ ಸೆಕೆಂಡಿಗೆ ನೂರರ ಆಸುಪಾಸು ಸಲ ಅತ್ತಿತ್ತ ಬಡಿದು ಡಿಸಿಯನ್ನು ತುಂಡರಿಸುತ್ತದೆ. ಆಗ ಟ್ರಾನ್ಸ್‌ಫಾರ್ಮರ್ ತನ್ನ ಕೆಲಸ ಮಾಡಬಲ್ಲದು. ಸಿಂಕ್ರೊನಸ್ ವೈಬ್ರೇಟರಿನಲ್ಲಿ ಇನ್ನೊಂದು ಜೊತೆ ಕಾಂಟ್ಯಾಕ್ಟ್‌ಗಳು ಅದೇ ಲಯದಲ್ಲಿ ಬಡಿದು ಮತ್ತೆ ಡಿಸಿ ಮಾಡುತ್ತವೆ, ರೆಕ್ಟಿಫೈಯರೇ ಬೇಡ. ಕಾಂಟ್ಯಾಕ್ಟ್ ಅಂಟಿಕೊಂಡಿತೋ, ಫ್ಯೂಸ್ ಹೋಯಿತು.

ಇನ್ನೊಂದು, ತಿರುಗುತ್ತಾ ವೋಲ್ಟೇಜ್ ಏರಿಸುವ ಡೈನಮೋಟರ್. ಬ್ರಿಟಿಷ್ ಸೇನೆಯ ಟ್ಯಾಂಕುಗಳಲ್ಲಿದ್ದ ನಂಬರ್ 19 ಸೆಟ್ 12 ವೋಲ್ಟಿನಿಂದ 275 ಮತ್ತು 500ರ ಆಸುಪಾಸಿನ ವೋಲ್ಟ್ ಪಡೆದದ್ದು ಇದರಿಂದ. ಮೋಟರಿಗೆ ಜನರೇಟರ್ ಜೋಡಿಸಿದ ಯಂತ್ರವೆಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ತಿರುಗುವ ಆರ್ಮೇಚರ್ ಒಂದೇ, ಅದರ ಮೇಲೆ ಬೇರೆ ಬೇರೆ ಸುತ್ತುಗಳು, ಅವುಗಳನ್ನು ಸುತ್ತುವರಿದ ಕಾಂತಕ್ಷೇತ್ರವೂ ಒಂದೇ. ಹೀಗಾಗಿ ಒಳಬರುವ ಮತ್ತು ಹೊರಹೋಗುವ ವೋಲ್ಟೇಜಿನ ಅನುಪಾತ ಸುತ್ತುಗಳಲ್ಲೇ ನಿರ್ಧಾರವಾಗಿರುತ್ತದೆ. ಗೊತ್ತಿಲ್ಲದೆ 12ರ ಜಾಗಕ್ಕೆ 24 ಕೊಟ್ಟರೆ ಹೊರಹೋಗುವ ತುದಿಯಲ್ಲೂ ಹೆಚ್ಚುಕಡಿಮೆ ಇಮ್ಮಡಿ.

ತಪ್ಪು ಕಲ್ಪನೆ: ಕೈಯಿಂದ ತಿರುಗಿಸುವ ಜನರೇಟರ್ ಬ್ಯಾಟರಿ ಚಾರ್ಜ್ ಮಾಡಲು.
ವಾಸ್ತವ: ‘ಆಂಗ್ರಿ ನೈನ್’ ಎಂದು ಹೆಸರಾದ ಜಿಆರ್‌ಸಿ-9 ಸೆಟ್ಟಿನ ಜಿಎನ್-58 ಜನರೇಟರ್ ಸುಮಾರು 425 ವೋಲ್ಟನ್ನೂ ಫಿಲಮೆಂಟಿನ 6.3 ವೋಲ್ಟನ್ನೂ ನೇರವಾಗಿ ಸೆಟ್ಟಿಗೆ ಕೊಡುತ್ತಿತ್ತು. ಮಧ್ಯೆ ಸಂಗ್ರಹವಿಲ್ಲ. ಆಪರೇಟರ್ ಮೋರ್ಸ್ ಕೀ ಒತ್ತಿದೊಡನೆ ತಿರುಗಿಸುವವನ ಕೈಗೆ ಭಾರ ಬೀಳುತ್ತದೆ, ಬಿಟ್ಟರೆ ಹಗುರ. ಸಂದೇಶದ ಡಾಟ್, ಡ್ಯಾಶ್ ಎಲ್ಲ ಅವನ ತೋಳಿಗೂ ಗೊತ್ತಾಗುತ್ತಿತ್ತು.

ತಪ್ಪು ಕಲ್ಪನೆ: ಬಳಸದ ಬ್ಯಾಟರಿ ಹೊಸದಾಗಿಯೇ ಇರುತ್ತದೆ.
ವಾಸ್ತವ: ಸತು-ಇಂಗಾಲದ ಸೆಲ್ ಕಪಾಟಿನಲ್ಲೇ ಸೊರಗುತ್ತದೆ, ಉಷ್ಣವಲಯದ ಸೆಕೆಯಲ್ಲಿ ಇನ್ನೂ ಬೇಗ. ಸಂಶೋಧಕ ಸ್ಯಾಮ್ಯುಯಲ್ ರೂಬೆನ್ ಯುದ್ಧದ ನಡುವೆ ಪಾದರಸದ ಸೆಲ್ ರೂಪಿಸಿದ್ದು ಇದಕ್ಕಾಗಿಯೇ. ಅದನ್ನು ತಯಾರಿಸಿದ ಮ್ಯಾಲರಿ ಕಂಪನಿಯಿಂದಲೇ ಮುಂದೆ ಡ್ಯುರಾಸೆಲ್ ಬಂದದ್ದು.

ಕೊನೆಯದು ಕರೆಂಟಿನದಲ್ಲ, ಆದರೆ ಹಳೆಯ ಸೆಟ್ ಕೈಗೆತ್ತಿಕೊಳ್ಳುವವರಿಗೆ ಬೇಕಾದದ್ದು.
ತಪ್ಪು ಕಲ್ಪನೆ: ರೇಡಿಯಂ ಬಣ್ಣದ ಡಯಲ್ ಈಗ ಹೊಳೆಯುವುದಿಲ್ಲ, ಅಂದಮೇಲೆ ರೇಡಿಯಂ ಮುಗಿದಿದೆ.
ವಾಸ್ತವ: ಮುಗಿದದ್ದು ಆ ಬಣ್ಣದಲ್ಲಿ ಹೊಳೆಯುವ ಸತುವಿನ ಸಲ್ಫೈಡ್. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಆ ಕಾಲದ ಕೆಲವು ಸೇನಾ ಮೀಟರ್, ಡಯಲ್‌ಗಳಿಗೆ ಈ ಬಣ್ಣ ಬಳಿದಿದ್ದರು. ಗಾಜಿನ ಹಿಂದಿದ್ದರೆ ಹಾಗೇ ಬಿಡಿ. ಕೆರೆಯಬೇಡಿ, ಉಜ್ಜಬೇಡಿ, ಉದುರಿದ ಪುಡಿಯನ್ನು ಊದಬೇಡಿ.