ಬಸವನಗುಡಿಯಿಂದ ಜಯನಗರಕ್ಕೆ ಕಾಲ್ನಡಿಗೆ

ಬೆಂಗಳೂರಿನಲ್ಲಿ ಮಕ್ಕಳ ಮನೆಯಲ್ಲಿ ತಿಂಗಳೆರಡು ತಿಂಗಳು ಕಳೆದು ಬಂದ ನಮ್ಮ ಕಡೆಯ ಹಿರಿಯರನ್ನು ಒಮ್ಮೆ ಮಾತಾಡಿಸಿ ನೋಡಿ. ಮನೆ ಚೆನ್ನಾಗಿದೆ, ಸೊಸೆ ಒಳ್ಳೆಯವಳು, ನೀರು ಮಾತ್ರ ನಮ್ಮ ಬಾವಿಯದ್ದರ ಹಾಗಿಲ್ಲ ಎಂದೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ ಒಂದು ಮಾತು ಸೇರಿಸುತ್ತಾರೆ: “ಎಲ್ಲಿಗೂ ಹೋಗಲಿಕ್ಕಿಲ್ಲ ಮಾರಾಯರೇ.”

ನನ್ನ ಅಕ್ಕನದ್ದೂ ಇದೇ ದೂರು. ಆಕೆಗೆ ಅರುವತ್ತೆಂಟು ವರ್ಷ. ಭಾವ ತೀರಿಹೋದ ಮೇಲೆ ಬಸವನಗುಡಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ನನ್ನ ಮಗಳ ಸಂಸಾರ ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ. ಎರಡು ಮನೆಗಳ ನಡುವೆ ಹೆಚ್ಚೆಂದರೆ ಎರಡು ಮೂರು ಮೈಲು. ಊರಿನಲ್ಲಿದ್ದಾಗ ಗದ್ದೆಯ ಹುಣಿಯಲ್ಲಿ ಇದರ ಇಮ್ಮಡಿ ನಡೆದು ಮಧೂರಿಗೆ ಹೋಗಿ, ದೇವರಿಗೆ ಕೈಮುಗಿದು, ಮಧ್ಯಾಹ್ನದೊಳಗೆ ಮನೆ ಸೇರುತ್ತಿದ್ದವಳು ಅಕ್ಕ. ಇಲ್ಲಿ ನಾಲ್ಕು ವರ್ಷದಲ್ಲಿ ಸೋದರ ಸೊಸೆಯ ಮನೆಗೆ ಬಂದದ್ದು ಐದೋ ಆರೋ ಸಲ, ಅದೂ ಮಗನಿಗೆ ಬಿಡುವಿದ್ದ ಆದಿತ್ಯವಾರ, ಕಾರಿನಲ್ಲಿ.

ಕಳೆದ ಸಲ ನಾನು ಹೋದಾಗ ವಿಷಯ ಸ್ವಲ್ಪ ಗಂಭೀರವಾಗಿತ್ತು. ಮಗಳಿಗೆ ಎರಡು ತಿಂಗಳ ಮಗು. ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ನೀರೆರೆಯುವುದರಲ್ಲಿ ಅಕ್ಕನನ್ನು ಮೀರಿಸುವವರು ನಮ್ಮ ಕುಟುಂಬದಲ್ಲಿಲ್ಲ. ಮಗಳು ದೂರವಾಣಿಯಲ್ಲಿ ಕೇಳಿ ಕೇಳಿ, ಅಂಜಿ ಅಂಜಿ ಮೀಯಿಸುತ್ತಿದ್ದಳು. ಕರೆದುಕೊಂಡು ಹೋಗುವವರಿಲ್ಲವೆಂದು ಅಕ್ಕ ಕೂತಲ್ಲೇ ಚಡಪಡಿಸುತ್ತಿದ್ದಳು. “ನಡೆದು ಹೋದರೆ ಎಂತ?” ಎಂದೆ. ಅಳಿಯ ನಕ್ಕ. “ಆ ರಸ್ತೆಗಳಲ್ಲಿಯಾ ಮಾವ?” ಎಂದ. ರಸ್ತೆಯಲ್ಲಿ ಅಲ್ಲ, ತೋಟದೊಳಗಿನಿಂದ ಎಂದು ನಾನೆಂದೆ. ನೋಡಿಯೇ ಬಿಡುವ ಎಂದು ಮಾರನೆಯ ದಿನ ಬೆಳಗ್ಗೆ ಆರು ಗಂಟೆಗೆ ಅಕ್ಕ ತಮ್ಮ ಇಬ್ಬರೂ ಹೊರಟೆವು.

ಬಸವನಗುಡಿ ಹುಟ್ಟಿದ್ದು 1898ರ ಪ್ಲೇಗಿನ ಕಾಲದಲ್ಲಿ. ಹಳೆ ಪೇಟೆಯ ಇಕ್ಕಟ್ಟು ಕಂಡು ಹೆದರಿದವರು ಗಾಳಿ ಬೆಳಕು ಇರಲೆಂದು ಅಳೆದು ಹಾಕಿಸಿದ ಬಡಾವಣೆ. ಆದ್ದರಿಂದ ಅದರ ಒಳರಸ್ತೆಗಳಲ್ಲಿ ಇವತ್ತಿಗೂ ಮರದ ನೆರಳಿದೆ. ದೊಡ್ಡ ಬಸವಣ್ಣನ ಗುಡಿಗೆ ತಾಗಿಕೊಂಡೇ ಬ್ಯೂಗಲ್ ರಾಕ್ ಉದ್ಯಾನ. ಹಿಂದೆ ಕಾವಲಿನವರು ಕಹಳೆ ಊದುತ್ತಿದ್ದ ಬಂಡೆ ಅದು. ಡಿ.ವಿ.ಜಿ.ಯವರ ಪ್ರತಿಮೆಯೂ ಅಲ್ಲಿದೆ. ಅಕ್ಕ ಬಂಡೆಯನ್ನು ಮುಟ್ಟಿ ನೋಡಿ, “ಇದು ನಮ್ಮ ಮುರಕಲ್ಲಿನ ಹಾಗೆ ಅಲ್ಲ, ಕಬ್ಬಿಣ” ಎಂದಳು. ಮಾತು ಸರಿಯೇ. ಈ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಪದವಿನ ಮುರಕಲ್ಲು ಅದರ ಮುಂದೆ ನಿನ್ನೆ ಮೊನ್ನೆಯ ಕೂಸು.

ಗಾಂಧಿಬಜಾರಿನಲ್ಲಿ ಹೂವಿನವರು ಆಗಲೇ ಕೂತಿದ್ದರು. ವಿದ್ಯಾರ್ಥಿ ಭವನದ ದೋಸೆಯ ಆಸೆ ನನಗಿತ್ತು. 1943ರ ಹೋಟೆಲು ಅದು. ಆದರೆ ಆ ದಿನ ಶುಕ್ರವಾರ, ಅವರಿಗೆ ರಜೆ. ಒಳ್ಳೆಯದೇ ಆಯಿತೆನ್ನಿ, ಅಲ್ಲಿ ಕೂತಿದ್ದರೆ ಈ ಲೇಖನ ಅಲ್ಲಿಗೇ ಮುಗಿಯುತ್ತಿತ್ತು.

ವಾಣಿವಿಲಾಸ ರಸ್ತೆಗೆ ಬಂದು ಪೂರ್ವಕ್ಕೆ ತಿರುಗಿದ ಮೇಲೆ ಕಷ್ಟ ಶುರು. ಕಾಲುದಾರಿ ಇದೆ, ಇಲ್ಲವೆಂದಲ್ಲ. ಒಂದು ಕಡೆ ಚಪ್ಪಡಿ ಎದ್ದಿದೆ, ಇನ್ನೊಂದು ಕಡೆ ಸ್ಕೂಟರು ನಿಂತಿದೆ, ಮತ್ತೊಂದು ಕಡೆ ಮೊಣಕಾಲೆತ್ತರದ ಮೆಟ್ಟಲು. ಲಾಲ್‌ಬಾಗಿನ ಪಶ್ಚಿಮ ದ್ವಾರದ ಎದುರಿನ ಕೂಡುರಸ್ತೆಯಲ್ಲಿ, 2017ರಿಂದ ಮೆಟ್ರೊ ರೈಲು ತಲೆಯ ಮೇಲೆ ಓಡುತ್ತಿರುವಲ್ಲಿ, ನಾವು ಏಳೆಂಟು ನಿಮಿಷ ನಿಂತೆವು. ಅಕ್ಕ ಸೆರಗು ಬಿಗಿದು ಎರಡು ಹೆಜ್ಜೆ ಇಡುವುದು, ಮೂರು ಹೆಜ್ಜೆ ಹಿಂದೆ ಬರುವುದು. ಕೊನೆಗೆ ಹಾಲಿನ ಚೀಲ ಹಿಡಿದ ಒಬ್ಬ ಹೆಂಗಸು “ಬನ್ನಿ ಅಮ್ಮ” ಎಂದು ಕೈಹಿಡಿದು ದಾಟಿಸಿದರು. ನಾನು ಅವರಿಬ್ಬರ ಹಿಂದೆ ಬಾಲದಂತೆ ದಾಟಿದೆ.

ಬಾಗಿಲು ದಾಟಿ ಒಳಗೆ ಹೋದದ್ದೇ ತಡ, ಸದ್ದು ಅಡಗಿತು. ಹೈದರಾಲಿ 1760ರಲ್ಲಿ ತೊಡಗಿಸಿದ ತೋಟ ಇದು. ಇವತ್ತು 240 ಎಕ್ರೆ ಇದೆ. ಹೆಚ್ಚಿನವರು ಇದನ್ನು ಸುತ್ತು ಹಾಕಿ ಹೊರಟಲ್ಲಿಗೇ ಮರಳುತ್ತಾರೆ. ಬೆವರು ಬಂದರೆ ಸಾಕು ಅವರಿಗೆ. ನಾವು ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಡುವವರು, ತೋಟ ನಮಗೆ ದಾರಿ. ಹಾಗೆ ನಡೆಯುವಾಗ ಅದರ ಬೆಲೆಯೇ ಬೇರೆ ತೋರುತ್ತದೆ. ಸ್ವಲ್ಪ ಬಳಸಾದರೂ 1889ರ ಗಾಜಿನ ಮನೆಯನ್ನೂ ಕೆಂಪೇಗೌಡ ಗೋಪುರವಿರುವ ಬಂಡೆಯನ್ನೂ ಅಕ್ಕನಿಗೆ ತೋರಿಸಿದೆ. ಮರಗಳ ಮೇಲಿನ ಕನ್ನಡದ ಹೆಸರುಗಳನ್ನು ಆಕೆ ಒಂದೊಂದಾಗಿ ಗಟ್ಟಿಯಾಗಿ ಓದುತ್ತ ಬಂದಳು. ಬಸ್ಸಿನ ಬೋರ್ಡನ್ನು ಇನ್ನೊಬ್ಬರಲ್ಲಿ ಕೇಳಿ ತಿಳಿಯಬೇಕಾದ ಊರಿನಿಂದ ಹೋದವರಿಗೆ ಈ ಸುಖ ಏನೆಂದು ಬೆಂಗಳೂರಿನವರಿಗೆ ಹೇಳಿ ಪ್ರಯೋಜನವಿಲ್ಲ.

ಈ ನಗರದಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂಬಿಟ್ಟಿರುವಂತೆ ಸಾಲುಮರಗಳನ್ನು ಆರಿಸಿದವರು ಕೃಂಬಿಗಲ್ ಎಂಬ ಜರ್ಮನ್ ತೋಟಗಾರರು. ಅವರು ಬೆಂಗಳೂರಿನಲ್ಲೇ ತೀರಿಕೊಂಡದ್ದು 1956ರಲ್ಲಿ. ನಮ್ಮ ತಾಲೂಕು ಕೇರಳಕ್ಕೆ ಸೇರಿದ ವರ್ಷವೂ ಅದೇ ಆದ್ದರಿಂದ ನನಗೆ ನೆನಪು ಉಳಿದಿದೆ, ಬೇರೆ ಸಂಬಂಧವೇನೂ ಇಲ್ಲ. 2025ರಲ್ಲಿ ಸುರಂಗ ರಸ್ತೆಯ ಯೋಜನೆಗೆ ಲಾಲ್‌ಬಾಗಿನ ಅಂಚಿನ ಜಾಗ ಬೇಕಾದೀತೆಂಬ ಸುದ್ದಿ ಹುಟ್ಟಿ ಜನ ವಿರೋಧಿಸಿದ್ದನ್ನು ಓದಿದಾಗ, ಅಂಚು ಹೋದರೆ ಎಂತ, ತೋಟ ಉಳಿಯುತ್ತದಲ್ಲ ಎಂದು ನಾನೂ ಅಂದುಕೊಂಡಿದ್ದೆ. ನಡೆದು ಹೋಗುವವನಿಗೆ ಬಾಗಿಲುಗಳಿರುವುದೇ ಅಂಚಿನಲ್ಲಿ ಎಂಬುದು ಆಗ ಹೊಳೆದಿರಲಿಲ್ಲ.

ಕೆರೆಯ ಬದಿಯಲ್ಲಿ ಸ್ವಲ್ಪ ಕೂತು, ಸಿದ್ದಾಪುರದ ಕಡೆಯ ಬಾಗಿಲಿನಿಂದ ಹೊರಬಿದ್ದೆವು. ಮತ್ತೆ ಒಂದು ದಾಟು, ಆದರೆ ಮೊದಲಿನಷ್ಟು ಭಯಂಕರವಲ್ಲ. ಅಶೋಕ ಸ್ತಂಭ ಕಂಡಿತೆಂದರೆ ಜಯನಗರ ಬಂತು. 1948ರಲ್ಲಿ ರಾಜಾಜಿಯವರು ಬಂದು ಈ ಬಡಾವಣೆಗೆ ನಾಂದಿ ಹಾಡಿದ್ದರ ಗುರುತು ಅದು. ಮಾಧವನ್ ಪಾರ್ಕು ದಾಟಿ ಒಳರಸ್ತೆಗಳಲ್ಲೇ ನಡೆದು ಮಗಳ ಮನೆ ಮುಟ್ಟುವಾಗ ಎಂಟು ಗಂಟೆ. ಕೂತದ್ದು, ನೋಡಿದ್ದು, ದಾಟಲು ಕಾದದ್ದು ಎಲ್ಲ ಸೇರಿ ಎರಡು ಗಂಟೆ.

ಹೋಗುವ ಮನಸ್ಸಿದ್ದವರಿಗೆ ಒಂದೆರಡು ಮಾತು. ಲಾಲ್‌ಬಾಗಿನಲ್ಲಿ ಬೆಳಗ್ಗೆ ನಡೆಯುವವರಿಗೆ ದುಡ್ಡಿಲ್ಲ, ಹೊತ್ತೇರಿದ ಮೇಲೆ ಟಿಕೇಟು ಕೊಳ್ಳಬೇಕು. ಆದ್ದರಿಂದ ಬೇಗ ಹೊರಡಿ. ಆಗಸ್ಟ್ 15 ಮತ್ತು ಜನವರಿ 26ರ ಆಸುಪಾಸು ಫಲಪುಷ್ಪ ಪ್ರದರ್ಶನದ ಜನಜಾತ್ರೆ, ಆ ದಿನಗಳಲ್ಲಿ ಬೇಡ. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ, ಆ ದಿನ ನಡೆಯಲಿಕ್ಕೆ ಸ್ಥಳವೇ ಸಿಗದು. ಮರಳಿ ಹೋಗುವಾಗ ಬಿಸಿಲಾದರೆ ಬಸ್ಸೋ ಆಟೋವೋ ಹಿಡಿಯಿರಿ, ಹಟ ಬೇಡ.

ನಾನು ಊರಿಗೆ ಬಂದು ಹತ್ತು ದಿನವಾಗಿರಬಹುದು. ಒಂದು ಬೆಳಗ್ಗೆ ಏಳೂವರೆಗೆ ಮಗಳ ಫೋನು ಬಂತು. ಅತ್ತೆ ಒಬ್ಬಳೇ ನಡೆದುಕೊಂಡು ಬಂದಿದ್ದಾಳಂತೆ. ಪಶ್ಚಿಮ ದ್ವಾರದಲ್ಲಿ ಹಾಲಿನ ಚೀಲದ ಹೆಂಗಸಿಗಾಗಿ ಕಾದು ನಿಂತು, ಅವರ ಜೊತೆಯಲ್ಲೇ ದಾಟಿದಳಂತೆ. ಫೋನು ಕೊಡು ಎಂದೆ. ಅಕ್ಕ ಬರಲಿಲ್ಲ. ಒಳಗಿನಿಂದ ಅವಳ ದನಿ ಮಾತ್ರ ಕೇಳಿತು: “ಆಮೇಲೆ ಮಾತಾಡುತ್ತೇನೆ ಹೇಳು, ಕೈಯೆಲ್ಲ ಎಣ್ಣೆ.”