ಟ್ರಾಕ್ಟರ್ ಡೈನಮೋ: ನಿಮ್ಮ ಕರೆಂಟ್ ನಿಮ್ಮ ಹೊಲದಾಗೇ ಉಳೀಲಿ

ಹೋದ ವಾರ ಆಡೂರಿನ ಗೆಳೆಯನೊಬ್ಬನ ಶುಂಠಿ ಹೊಲಕ್ಕೆ ಹೋಗಿದ್ದೆ. ಗಾಳಿಗೆ ಎರಡು ಕಂಬ ಬಿದ್ದು ಮೂರು ದಿನದಿಂದ ಕರೆಂಟ್ ಇರಲಿಲ್ಲ. ಟ್ರಾಕ್ಟರ್ ಹಿಂದೆ ಡೈನಮೋ ಜೋಡಿಸಿ, ಅದರ ವೈರ್‌ಗಳನ್ನು ಬೋರ್‌ವೆಲ್ ಸ್ಟಾರ್ಟರ್‌ನ ಮೇಲಿನ ಪಾಯಿಂಟಿಗೇ ಸುತ್ತಿ ಐದು ಎಚ್.ಪಿ. ಮೋಟರ್ ಓಡಿಸುತ್ತಿದ್ದ. ನೀರು ಚಲೋ ಬರುತ್ತಿತ್ತು. 'ಲೈನ್ ಹೆಂಗ ಬೇರೆ ಮಾಡೀದಿ?' ಅಂದೆ. ಅಂಗಿ ಕಿಸೆಯಿಂದ ಎರಡು ಕಿಟ್‌ಕ್ಯಾಟ್ ಫ್ಯೂಸ್ ತೆಗೆದು ತೋರಿಸಿದ. 'ಮೂರನೇದು?' ಬೋರ್ಡ್ ಹತ್ತಿರ ಹೋಗಿ ನೋಡಿದರೆ ಮೂರನೇ ಫ್ಯೂಸ್ ಎಂದೋ ಸುಟ್ಟು, ಅಲ್ಲಿ ಅಲ್ಯೂಮಿನಿಯಂ ತಂತಿ ಹಾಕಿ ಡೈರೆಕ್ಟ್ ಮಾಡಿದ್ದ. ಅದು ಅವನಿಗೂ ಮರೆತಿತ್ತು. ಅಂದರೆ ಒಂದು ಫೇಸ್ ಅಷ್ಟೊತ್ತೂ ಹೊರಗಿನ ಲೈನ್‌ಗೆ ಹರಿಯುತ್ತಿತ್ತು. ಬಿದ್ದ ಕಂಬ ನಿಲ್ಲಿಸುವ ಹುಡುಗರು ಆ ಹೊತ್ತಿಗೆ ಎರಡು ಹೊಲ ಆಚೆ ಇದ್ದರು.

ತಕ್ಷಣ ಮೋಟರ್ ಬಂದ್ ಮಾಡಿಸಿದೆ. ಈ ವಾರದ ಲೇಖನ ಅದರ ಬಗ್ಗೆಯೇ.

ಟಿ.ಸಿ. ಉಲ್ಟಾ ಕೂಡ ಕೆಲಸ ಮಾಡ್ತದೆ

ನಮ್ಮ ಹೊಲದ ಟಿ.ಸಿ. 11,000 ವೋಲ್ಟನ್ನು ನಾಲ್ಕುನೂರು ಚಿಲ್ಲರೆ ವೋಲ್ಟಿಗೆ ಇಳಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಟಿ.ಸಿ.ಗೆ ಮೇಲೆ-ಕೆಳಗೆ ಅನ್ನೋದಿಲ್ಲ. ಕೆಳಗಿನ ಕಡೆಯಿಂದ ನೀವು 415 ವೋಲ್ಟ್ ಕೊಟ್ಟರೆ ಮೇಲಿನ ಕಡೆ ಅದು 11,000 ವೋಲ್ಟಿನ ಸುಮಾರಿಗೆ ಏರಿಸಿ ಕೊಡುತ್ತದೆ. ಸ್ಟೇಷನ್‌ನಿಂದ ಲೈನ್ ಬಂದ್ ಮಾಡಿಸಿಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ಆ ತಂತಿ ಸತ್ತ ತಂತಿ. ನಿಮ್ಮ ಟ್ರಾಕ್ಟರ್ ಅದಕ್ಕೆ ಜೀವ ಕೊಟ್ಟಿದೆ ಅಂತ ಅವನಿಗೆ ಹೇಳುವವರು ಯಾರು?

'ಇಡೀ ಊರಿನ ಲೋಡ್ ನನ್ನ ಡೈನಮೋ ಹೊರೋದಿಲ್ಲ, ಇಂಜಿನ್ನೇ ಕುಂತುಬಿಡ್ತದೆ, ಹಂಗಾಗಿ ಏನೂ ಆಗೋದಿಲ್ಲ' ಅಂತ ವಾದ ಮಾಡುವವರು ನಮ್ಮಲ್ಲಿ ಬಹಳ. ಲೈನ್ ಪೂರ್ತಿ ಸರಿ ಇದ್ದರೆ ಬಹುತೇಕ ಹಾಗೇ ಆಗುತ್ತದೆ. ಆದರೆ ನಾವು ಡೈನಮೋ ಹಚ್ಚುವುದು ಯಾವಾಗ? ತಂತಿ ಹರಿದಾಗ, ಕಂಬ ಬಿದ್ದಾಗ. ಆಗ ನಿಮ್ಮ ಜೊತೆ ಜೋಡಿ ಉಳಿಯುವುದು ಎರಡೋ ಮೂರೋ ಶೆಡ್ ಮಾತ್ರ. ಅಷ್ಟು ಲೋಡ್ ನಿಮ್ಮ ಟ್ರಾಕ್ಟರ್ ಆರಾಮಾಗಿ ಹೊರುತ್ತದೆ, ವೋಲ್ಟೇಜ್ ಪೂರ್ತಿ ನಿಲ್ಲುತ್ತದೆ. ಲೈನ್‌ಮನ್ ಕೆಲಸ ಮಾಡುವ ದಿನವೇ ಇದು ಅತ್ಯಂತ ಅಪಾಯ.

ಇದನ್ನು ನಾನು ಪುಸ್ತಕ ಓದಿ ಕಲಿತಿಲ್ಲ. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ ಎರಡೂ ಹೊಳೆ ಉಕ್ಕಿದಾಗ ನಮ್ಮ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ನರ್ಸರಿಯ ಗಿಡಕ್ಕೆ ನೀರು ಹಾಯಿಸಬೇಕಿತ್ತು (ಸುತ್ತ ನೀರೇ ನೀರು, ಆದರೆ ಪಾಲಿಹೌಸ್ ಒಳಗೆ ಒಣಗುತ್ತಿತ್ತು). ಬಾಡಿಗೆ ಡೈನಮೋ ತಂದು ಇದೇ ಗೆಳೆಯನ ಹಾಗೆ ಸ್ಟಾರ್ಟರ್‌ಗೆ ಕಟ್ಟಿದೆ. ಐದು ನಿಮಿಷಕ್ಕೆ ಪಕ್ಕದ ಹೊಲದ ಕಾಕಾ ಫೋನ್ ಮಾಡಿದರು: 'ಕರೆಂಟ್ ಬಂತಲ್ಲೋ, ನನ್ನ ಶೆಡ್ಡಿನ ಬಲ್ಬ್ ಹತ್ಯಾದ.' ಆ ಬಲ್ಬ್ ನನ್ನದೇ ಕರೆಂಟಿನಿಂದ ಉರಿಯುತ್ತಿತ್ತು. ಆವತ್ತು ಕಂಬದ ಮೇಲೆ ಯಾರೂ ಇರಲಿಲ್ಲ. ಅಷ್ಟೇ ನನ್ನ ಪುಣ್ಯ.

ಇದಕ್ಕಿರುವ ಪರಿಹಾರ ಒಂದೇ, ಚೇಂಜ್‌ಓವರ್ ಸ್ವಿಚ್. ಒಂದು ಕಡೆ ಲೈನ್, ಇನ್ನೊಂದು ಕಡೆ ಡೈನಮೋ, ನಡುವೆ ಆಫ್. ಹಿಡಿಕೆ ಒಂದು ಕಡೆ ಇದ್ದಾಗ ಇನ್ನೊಂದು ಕಡೆ ತಾಗುವುದು ಯಂತ್ರದಲ್ಲೇ ಸಾಧ್ಯವಿಲ್ಲ. ಇಲ್ಲಿ ನಿಮ್ಮ ನೆನಪಿನ ಮೇಲೆ ಯಾವುದೂ ನಿಂತಿಲ್ಲ, ಅದೇ ಇದರ ಗುಣ. ತ್ರೀ ಫೇಸ್‌ಗೆ ನಾಲ್ಕು ಪೋಲ್‌ನದ್ದೇ ತೆಗೆದುಕೊಳ್ಳಿ, ಮೂರು ಫೇಸ್ ಜೊತೆ ನ್ಯೂಟ್ರಲ್ ಕೂಡ ಕಡಿಯಬೇಕು. ಫ್ಯೂಸ್ ಕಿತ್ತಾಗ ನ್ಯೂಟ್ರಲ್ ಹಾಗೇ ಜೋಡಿ ಇರುತ್ತದೆ. ಜೊತೆಗೆ ನೀವು ಊಟಕ್ಕೆ ಹೋದಾಗ ಆಳು ಬಂದು 'ಫ್ಯೂಸ್ ಬಿದ್ದೈತಿ' ಅಂತ ವಾಪಸ್ ಹಾಕಿದರೂ ಹಾಕಿದ. ಆಗ ಲೈನ್ ಕರೆಂಟ್ ಬಂದರೆ ಎರಡೂ ಎದುರುಬದುರಾಗಿ ಡಿಕ್ಕಿ ಹೊಡೆಯುತ್ತವೆ. ಡೈನಮೋ ವೈಂಡಿಂಗ್ ಸುಡಬಹುದು, ಪಿ.ಟಿ.ಒ. ಶಾಫ್ಟ್ ತಿರುಚಿ ಮುರಿಯಬಹುದು. ಸ್ವಿಚ್ ಅನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಕೂಡಿಸಿ. ಡೈನಮೋ ಇದೆ ಅಂತ ನಿಮ್ಮ ಹೆಸ್ಕಾಂ ಸೆಕ್ಷನ್ ಆಫೀಸಿಗೂ ಲೈನ್‌ಮನ್‌ಗೂ ಹೇಳಿಡಿ. ಮುಚ್ಚಿಡೋ ವಿಷಯ ಅಲ್ಲ ಇದು.

ಒಂದು ಸೆಕೆಂಡಿಗೆ ಒಂಬತ್ತು ಸುತ್ತು

ಕರೆಂಟಿನಷ್ಟೇ ಕ್ರೂರ ಆ ಶಾಫ್ಟ್. ಪಿ.ಟಿ.ಒ. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಎರಡು ಇಂಚು ದಪ್ಪದ ಶಾಫ್ಟ್ ಒಂದು ಸುತ್ತಿಗೆ 16 ಸೆಂ.ಮೀ. ಬಟ್ಟೆ ಸುತ್ತಿಕೊಳ್ಳುತ್ತದೆ. ಹಾಗಾದರೆ ಒಂದು ಸೆಕೆಂಡಿನಲ್ಲಿ ಸುಮಾರು ಒಂದೂವರೆ ಮೀಟರ್. ಹೆಗಲ ಮೇಲಿನ ಟವೆಲ್ ತುದಿ ಸಿಕ್ಕಿತು ಅಂತ ನಿಮಗೆ ಗೊತ್ತಾಗುವಷ್ಟರಲ್ಲಿ ಟವೆಲ್ ಮುಗಿದಿರುತ್ತದೆ. ಲುಂಗಿ, ಸೀರೆ ಸೆರಗು, ಬಿಚ್ಚಿದ ಅಂಗಿ ತೋಳು, ಕೊರಳಲ್ಲಿ ನೇತಾಡುವ ಇಯರ್‌ಫೋನ್ ವೈರ್, ಯಾವುದೂ ಅದರ ಹತ್ತಿರ ಬೇಡ. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಮೊದಲು ಅದನ್ನು ಬದಲಿಸಿ. ಹಳೇ ಯೂರಿಯಾ ಚೀಲ ಸುತ್ತಿ ದಾರ ಕಟ್ಟುವುದು ಕವಚ ಅಲ್ಲ, ಅದೇ ಸುತ್ತಿಕೊಳ್ಳುತ್ತದೆ. ತಿರುಗುವ ಶಾಫ್ಟ್ ದಾಟಬೇಡಿ, ಟ್ರಾಕ್ಟರ್ ಸುತ್ತ ಬಳಸಿಕೊಂಡು ಬನ್ನಿ.

ಟ್ರಾಕ್ಟರ್ ಸಮ ನೆಲದ ಮೇಲಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಗಾಲಿಗೆ ಕಲ್ಲು. ಡೈನಮೋ ಮತ್ತು ಪಿ.ಟಿ.ಒ. ಆದಷ್ಟು ಒಂದೇ ನೇರಕ್ಕೆ ಬರಬೇಕು. ಕೋನ ಹೆಚ್ಚಾದರೆ ಕ್ರಾಸ್ ಜಾಯಿಂಟ್ ಕಟಕಟ ಅಂದು ಬೇಗ ಸವೆಯುತ್ತದೆ. ಕಾಲಿನ ಆಕ್ಸಿಲರೇಟರ್‌ಗೆ ಇಟ್ಟಿಗೆ ಇಡಬೇಡಿ, ಹ್ಯಾಂಡ್ ಥ್ರಾಟಲ್ ಇರೋದೇ ಇದಕ್ಕೆ.

ಎಷ್ಟು ದೊಡ್ಡದು ಬೇಕು?

'ಐದು ಎಚ್.ಪಿ. ಮೋಟರ್‌ಗೆ ಐದು ಕೆ.ವಿ.ಎ. ಸಾಕಲ್ಲ?' ಅಂತ ತುಂಬ ಜನ ಕೇಳುತ್ತಾರೆ. ಸಾಲುವುದಿಲ್ಲ. ಐದು ಎಚ್.ಪಿ. ಮೋಟರ್ ಓಡುವಾಗ ಸುಮಾರು ಏಳೂವರೆ ಆಂಪ್ಸ್ ತೆಗೆದುಕೊಂಡರೆ, ಡೈರೆಕ್ಟ್ ಸ್ಟಾರ್ಟರ್‌ನಲ್ಲಿ ಎದ್ದೇಳುವ ಆ ಒಂದೆರಡು ಕ್ಷಣಕ್ಕೆ ಆರು-ಏಳು ಪಟ್ಟು ಎಳೆಯುತ್ತದೆ, ಅಂದರೆ 45-50 ಆಂಪ್ಸ್. 15 ಕೆ.ವಿ.ಎ. ಡೈನಮೋ ಸತತವಾಗಿ ಕೊಡುವುದು ಸುಮಾರು 21 ಆಂಪ್ಸ್. ಅದು ಒಂದು ಕ್ಷಣ ತಗ್ಗಿ, ನರಳಿ, ಮೋಟರ್ ಎತ್ತುತ್ತದೆ. ಚಿಕ್ಕದಾದರೆ ವೋಲ್ಟೇಜ್ ಕುಸಿದು ಸ್ಟಾರ್ಟರ್ ಟಕಟಕ ಬಡಿದು ಬಿಟ್ಟುಬಿಡುತ್ತದೆ, ಮೋಟರ್ ಕೂತಲ್ಲೇ ಕಾಯುತ್ತದೆ. ಏಳೂವರೆ, ಹತ್ತು ಎಚ್.ಪಿ. ಮೋಟರ್ ಇದ್ದರೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿಸಿ, ಎದ್ದೇಳುವ ಎಳೆತ ಮೂರನೇ ಒಂದಕ್ಕೆ ಇಳಿಯುತ್ತದೆ.

ಟ್ರಾಕ್ಟರ್ ಕಡೆಯ ಲೆಕ್ಕ ಇನ್ನೂ ಸರಳ. ಒಂದು ಕೆ.ವಿ.ಎ.ಗೆ ಪಿ.ಟಿ.ಒ. ಹತ್ತಿರ ಎರಡು ಎಚ್.ಪಿ. ಅಂತ ಹಿಡಿದರೆ ಇಂಜಿನ್ ಉಸಿರಾಡುತ್ತದೆ. ಹಾಗಾಗಿ 35 ಎಚ್.ಪಿ. ಟ್ರಾಕ್ಟರ್‌ಗೆ 15 ಕೆ.ವಿ.ಎ. ಸರಿಯಾದ ಜೋಡಿ. ಡೀಸೆಲ್ ತಾಸಿಗೆ ಮೂರು ಲೀಟರ್ ಹತ್ತಿರ ಹೋಗುತ್ತದೆ, ಅಂದರೆ 250 ರೂಪಾಯಿಗೂ ಮೇಲೆ. ಹತ್ತು ಎಚ್.ಪಿ. ತನಕ ಪಂಪ್‌ಸೆಟ್ ಕರೆಂಟ್ ಪುಕ್ಕಟೆ ಇರುವ ರಾಜ್ಯದಲ್ಲಿ ಇದು ದುಬಾರಿ ನೀರು. 2023ರ ಬರಗಾಲದಲ್ಲಿ, 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ, ತ್ರೀ ಫೇಸ್ ತಾಸು ಕಡಿಮೆಯಾದಾಗ ದಿನಾ ಡೈನಮೋ ಓಡಿಸಿದವರು ಬೆಳೆ ಉಳಿಸಿಕೊಂಡರೂ ಲಾಭ ಕಾಣಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಇದು ಆಪತ್ತಿಗೆ ಮಾತ್ರ: ಸಸಿ ಮಡಿ, ಹೂ ಕಟ್ಟುವ ಹೊತ್ತಿನ ಒಂದು ನೀರು, ಹೈನಿನ ಮನೆ.

ಮೀಟರ್ ನೋಡ್ರಿ, ಕಿವಿ ನಂಬಬ್ಯಾಡ್ರಿ

ಡೈನಮೋ ನಿಮಿಷಕ್ಕೆ 1500 ಸುತ್ತು ತಿರುಗಿದಾಗ 50 ಹರ್ಟ್ಜ್ ಬರುತ್ತದೆ. 540ರಿಂದ 1500ಕ್ಕೆ ಗೇರ್‌ಬಾಕ್ಸ್ ಅಥವಾ ಪುಲ್ಲಿ ಏರಿಸುತ್ತದೆ. ಇಂಜಿನ್ ಎಷ್ಟು ಸುತ್ತಿದಾಗ ಪಿ.ಟಿ.ಒ. 540 ಆಗುತ್ತದೆ ಅನ್ನೋದು ಟ್ರಾಕ್ಟರ್‌ನಿಂದ ಟ್ರಾಕ್ಟರ್‌ಗೆ ಬೇರೆ. ಮೀಟರ್ ಬೋರ್ಡ್ ಮೇಲೆ ಗುರುತು ಇರುತ್ತದೆ, ಇಲ್ಲವಾದರೆ ಮ್ಯಾನುಯಲ್ ನೋಡಿ. 'ನೀರು ಜಾಸ್ತಿ ಬರ್ಲಿ' ಅಂತ ಥ್ರಾಟಲ್ ಏರಿಸುವ ಚಟ ಬಿಡಿ. ಪಂಪ್ ವೇಗ ಶೇ. 10 ಏರಿದರೆ ನೀರು ಸುಮಾರು ಶೇ. 10 ಏರುತ್ತದೆ, ಮೋಟರ್ ಮೇಲಿನ ಭಾರ ಮಾತ್ರ ಶೇ. 33 ಏರುತ್ತದೆ. ಕಡಿಮೆ ವೇಗದಲ್ಲಿ ಓಡಿಸಿದರೂ ಮೋಟರ್ ಬಿಸಿಯಾಗುತ್ತದೆ.

ಲೋಡ್ ಇಲ್ಲದೆ ಇಂಜಿನ್ ಚಾಲೂ ಮಾಡಿ, ಪಿ.ಟಿ.ಒ. ನಿಧಾನ ಜೋಡಿಸಿ, ಥ್ರಾಟಲ್ ಮೆಲ್ಲಗೆ ಏರಿಸಿ. ಖಾಲಿ ಓಡುವಾಗ 51-52 ಹರ್ಟ್ಜ್‌ಗೆ ನಿಲ್ಲಿಸಿ, ಭಾರ ಬಿದ್ದಾಗ ತಾನೇ 50ಕ್ಕೆ ಇಳಿಯುತ್ತದೆ. ಮೂರೂ ಫೇಸ್ ನಡುವೆ 415 ವೋಲ್ಟ್ ಸುಮಾರು ಬಂದ ಮೇಲೆ ಚೇಂಜ್‌ಓವರ್ ತಿರುಗಿಸಿ, ಕೊನೆಗೆ ಮೋಟರ್. ನಿಲ್ಲಿಸುವಾಗ ಉಲ್ಟಾ: ಮೊದಲು ಮೋಟರ್ ಆಫ್, ಆಮೇಲೆ ಚೇಂಜ್‌ಓವರ್, ಕೊನೆಗೆ ಥ್ರಾಟಲ್. ಮೋಟರ್ ಓಡುತ್ತಿರುವಾಗಲೇ ಇಂಜಿನ್ ಬಂದ್ ಮಾಡುವವರ ಮೋಟರ್ ಹೆಚ್ಚು ದಿನ ಬಾಳಿದ್ದು ನಾನು ನೋಡಿಲ್ಲ.

ಮೊದಲ ಸಲ ಜೋಡಿಸಿದಾಗ ನೀರು ಅರ್ಧಕ್ಕರ್ಧ ಬಂದರೆ ಬೋರ್ ಬತ್ತಿತು ಅಂತ ಗಾಬರಿ ಬೇಡ. ಫೇಸ್ ಅದಲುಬದಲಾಗಿ ಪಂಪ್ ಉಲ್ಟಾ ತಿರುಗುತ್ತಿರಬಹುದು. ಎಲ್ಲ ಬಂದ್ ಮಾಡಿ, ಡೈನಮೋ ಕಡೆಯ ಯಾವುದಾದರೂ ಎರಡು ಫೇಸ್ ವೈರ್ ಅದಲಿಸಿ ನೋಡಿ. ಸರಿ ಹೋದ ಮೇಲೆ ವೈರ್‌ಗೆ ಬಣ್ಣದ ಟೇಪ್ ಸುತ್ತಿಡಿ.

ಅರ್ಥಿಂಗ್ ವಿಷಯಕ್ಕೆ ಬಂದರೆ ಟ್ರಾಕ್ಟರ್‌ನ ಗಾಲಿ ರಬ್ಬರ್, ಅದು ಅರ್ಥ್ ಆಗುವುದಿಲ್ಲ. ಡೈನಮೋ ಬಾಡಿಗೆ ಸರಿಯಾದ ರಾಡ್ ನೆಡಿಸಿ, ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಿ. ನ್ಯೂಟ್ರಲ್ ಪಾಯಿಂಟಿಗೂ ಪ್ರತ್ಯೇಕ ಅರ್ಥ್ ಬೇಕು. ಮನೆಗೆ ಹಾಕಿಸಿದ ಆರ್.ಸಿ.ಸಿ.ಬಿ. ಡೈನಮೋ ಮೇಲೆ ಓಡುವಾಗಲೂ ಟ್ರಿಪ್ ಆಗಬೇಕಾದರೆ ಆ ನ್ಯೂಟ್ರಲ್ ಭೂಮಿಗೆ ಜೋಡಿರಬೇಕು. ಇಲ್ಲದಿದ್ದರೆ ಅದು ಬರೀ ಡಬ್ಬಿ. ಇದನ್ನು ಎಲೆಕ್ಟ್ರಿಷಿಯನ್‌ಗೆ ನೀವೇ ಬಾಯಿಬಿಟ್ಟು ಕೇಳಿ.

ಮಳೆ ಬಂತು ಅಂತ ಟ್ರಾಕ್ಟರನ್ನು ಶೆಡ್ ಒಳಗೆ ಹಾಕಿ ಬಾಗಿಲು ಮುಚ್ಚಿ ಓಡಿಸಬೇಡಿ. ಹೊಗೆಯಲ್ಲಿ ಇರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ತಲೆನೋವು ಬಂದು ನಿದ್ದೆ ಹತ್ತಿದಂಗೆ ಆಗುತ್ತದೆ, ಅಷ್ಟೇ. ಮೇಲೆ ತಾಡಪಾಲು ಇರಲಿ, ನಾಲ್ಕೂ ಕಡೆ ತೆರೆದಿರಲಿ. ಡೀಸೆಲ್ ಹಾಕುವಾಗ ಇಂಜಿನ್ ಬಂದ್. ತಾಸುಗಟ್ಟಲೆ ನಿಂತಲ್ಲೇ ಓಡುವ ಟ್ರಾಕ್ಟರ್‌ನ ರೇಡಿಯೇಟರ್ ಜಾಳಿಗೆಗೆ ಹೊಟ್ಟು ಕೂತು ಬಿಸಿಯಾಗುತ್ತದೆ, ಅದನ್ನೂ ನೋಡುತ್ತಿರಿ. ಮನೆಯಲ್ಲಿ ಇನ್ನೊಬ್ಬರಿಗಾದರೂ ಇಂಜಿನ್ ಬಂದ್ ಮಾಡುವ ನಾಬ್ ಎಲ್ಲಿದೆ ಅಂತ ತೋರಿಸಿಡಿ. ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟುವ ಮೊದಲು ಎಳೆಯಬೇಕಾದದ್ದು ಆ ನಾಬ್. ಆಮೇಲೆ 108. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಬರುವ ತನಕ ಎದೆ ಒತ್ತುತ್ತಿರಬೇಕು. ಲೈನ್ ಹರಿದು ಬಿದ್ದದ್ದು ಕಂಡರೆ 1912ಕ್ಕೆ ಫೋನ್ ಮಾಡಿ, ಹತ್ತಿರ ಹೋಗಬೇಡಿ.

ಕೊನೆಗೊಂದು ಚಿಕ್ಕ ವಿಷಯ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಡೈನಮೋ ಕೆಲವೊಮ್ಮೆ ತಿರುಗಿದರೂ ವೋಲ್ಟೇಜ್ ಕೊಡುವುದಿಲ್ಲ, ಒಳಗಿನ ಉಳಿಕೆ ಅಯಸ್ಕಾಂತ ಶಕ್ತಿ ಕಳೆದುಹೋಗಿರುತ್ತದೆ. ವೀಡಿಯೊ ನೋಡಿ ಬ್ಯಾಟರಿ ತಾಗಿಸಲು ಹೋಗಬೇಡಿ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ತಿಂಗಳಿಗೊಮ್ಮೆ ಕಾಲು ತಾಸು ಓಡಿಸಿದರೆ ಆ ತಾಪತ್ರಯ ಬಹುಮಟ್ಟಿಗೆ ಬರುವುದಿಲ್ಲ, ಇಲಿ ಕಡಿದ ವೈರ್ ಕೂಡ ಮೊದಲೇ ಸಿಗುತ್ತದೆ. ಆಡೂರಿನ ಗೆಳೆಯ ಮರುದಿನವೇ ಹಾನಗಲ್‌ಗೆ ಹೋಗಿ ನಾಲ್ಕು ಪೋಲ್ ಚೇಂಜ್‌ಓವರ್ ತಂದ. ಕೂಡಿಸಿದ ಮೇಲೆ ಬೋರ್ಡ್ ಫೋಟೋ ವಾಟ್ಸಾಪ್‌ಗೆ ಕಳಿಸಿದ. ಆ ಅಲ್ಯೂಮಿನಿಯಂ ತಂತಿ ಇನ್ನೂ ಅಲ್ಲೇ ಇತ್ತು. ಅದನ್ನೂ ತೆಗೆಸಿದ್ದೇನೆ.